ಕಾರಿನ ಡೋರ್ ಲಾಕ್ ಸ್ವಿಚ್ ಕೆಲಸ ಮಾಡ್ತಿಲ್ವಾ? ಬಾಗಿಲಿನ ಒಳಬದಿಯ ಪ್ಯಾಡ್ ಬಿಚ್ಚುವ ಮೊದಲು

ಲಾಕ್ ಸ್ವಿಚ್ ಒತ್ತಿದರೂ ಏನೂ ಆಗದಿದ್ದರೆ ಮೊದಲು ಕೈಗೆ ತಗೊಳ್ಳಬೇಕಾದ್ದು ರಿಮೋಟ್ ಕೀ, ಸ್ಕ್ರೂಡ್ರೈವರ್ ಅಲ್ಲ. ರಿಮೋಟ್ ಒತ್ತಿದಾಗ ಎಲ್ಲ ಬಾಗಿಲೂ ಲಾಕ್ ಆದರೆ ಲಾಕ್ ಮೋಟಾರ್‌ಗಳು ಮತ್ತು ಅವುಗಳ ಫ್ಯೂಸ್ ಚೆನ್ನಾಗಿವೆ ಅಂತ ಅರ್ಥ. ತೊಂದರೆ ಹೆಚ್ಚಾಗಿ ಸ್ವಿಚ್‌ನಲ್ಲಿದೆ, ಇಲ್ಲವೇ ಅದರ ವೈರ್‌ನಲ್ಲಿದೆ. ಒಂದೇ ಬಾಗಿಲು ಕೈಕೊಟ್ಟರೆ ಆ ಬಾಗಿಲಿನ ಮೋಟಾರ್ ಮತ್ತು ವೈರ್ ನೋಡಿ. ರಿಮೋಟೂ ಕೆಲಸ ಮಾಡ್ತಿಲ್ಲ, ಸ್ವಿಚ್ಚೂ ಮಾಡ್ತಿಲ್ಲ ಅಂದರೆ ಫ್ಯೂಸ್‌ನಿಂದ ಶುರು ಮಾಡಿ.

ಇನ್ನೊಂದು ವಿಷಯ. ಡ್ರೈವರ್ ಬಾಗಿಲು ತೆರೆದಿದ್ದರೆ ಕೆಲವು ಕಾರುಗಳಲ್ಲಿ ಸ್ವಿಚ್ ಒತ್ತಿದರೂ ಲಾಕ್ ಆಗುವುದಿಲ್ಲ. ಅದು ದೋಷವಲ್ಲ, ಕೀ ಒಳಗೇ ಉಳಿಯದಿರಲಿ ಅಂತ ಮಾಡಿರುವ ಏರ್ಪಾಡು. ಹಾಗಾಗಿ ಎಲ್ಲ ಬಾಗಿಲು ಹಾಕಿ, ಒಳಗೆ ಕೂತು ಪರೀಕ್ಷೆ ಮಾಡಿ.

ಹಳೆಯ ಕೆಲವು ಕಾರುಗಳಲ್ಲಿ ಮೋಟಾರಿನ ಕರೆಂಟ್ ಸ್ವಿಚ್ ಮೂಲಕವೇ ಹರಿಯುತ್ತದೆ. ಈಗಿನವುಗಳಲ್ಲಿ ಸ್ವಿಚ್ ಬರೀ ಸುದ್ದಿ ಮುಟ್ಟಿಸುತ್ತದೆ, ಮೋಟಾರ್ ಓಡಿಸುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ (ಲಾಕ್, ಲೈಟ್ ಮುಂತಾದವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್). ಕೆಲವು ಕಡೆ ಲಾಕ್, ಅನ್‌ಲಾಕ್ ಎರಡಕ್ಕೂ ಒಂದೇ ವೈರ್ ಇರುತ್ತದೆ. ಸ್ವಿಚ್ ಒಳಗಿನ ಬೇರೆ ಬೇರೆ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಭಾಗ) ನೋಡಿ ಯಾವುದನ್ನು ಒತ್ತಿದ್ದು ಅಂತ ಮಾಡ್ಯೂಲ್ ಗುರುತಿಸುತ್ತದೆ. ಇಂಥ ಸ್ವಿಚ್‌ಗೆ ಮಲ್ಟಿಮೀಟರ್ (ವೋಲ್ಟೇಜ್, ತಡೆ ಅಳೆಯುವ ಮೀಟರ್) ಬೀಪ್ ಅನ್ನಲಿಲ್ಲ ಅಂತ ಕೆಟ್ಟಿದೆ ಅನ್ನಬೇಡಿ. ಕನೆಕ್ಟರ್ (ವೈರ್ ಸೇರುವ ಪ್ಲಗ್) ಬಿಚ್ಚಿ, ತಡೆಯನ್ನು ಓಮ್‌ನಲ್ಲಿ ಅಳೆದು, ಹತ್ತಿಪ್ಪತ್ತು ಸಲ ಒತ್ತಿ. ಒಂದೇ ಬಟನ್‌ಗೆ ಪ್ರತಿ ಸಲವೂ ಹೆಚ್ಚೂಕಡಿಮೆ ಅದೇ ಸಂಖ್ಯೆ ಬರಬೇಕು. ಕುಣಿದಾಡಿದರೆ ಒಳಗಿನ ಕಾಂಟ್ಯಾಕ್ಟ್ ಸವೆದಿದೆ ಅಥವಾ ಕಿಲುಬು ಹಿಡಿದಿದೆ. ಪಿನ್ ಮೇಲೆ ಹಸಿರು ಪುಡಿ ಕಂಡರೆ ನೀರು ಹೋಗಿದೆ ಅಂತಲೇ ತಿಳಿಯಿರಿ.

ಸ್ವಿಚ್ ಸರಿಯಿದ್ದರೆ ಬಾಗಿಲಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಕೊಳವೆ ನೋಡಿ. ನನ್ನ ಮಟ್ಟಿಗೆ ಜಾಸ್ತಿ ಅನುಮಾನ ಪಡಬೇಕಾದ ಜಾಗ ಇದೇ. ಬಾಗಿಲು ತೆರೆದು ಹಾಕಿದಾಗಲೆಲ್ಲ ವೈರ್ ಅಲ್ಲೇ ಮಡಿಯುತ್ತದೆ. ಮೇಲಿನ ಹೊದಿಕೆ ಹೊಸದರಂತೆ ಕಂಡರೂ ಒಳಗಿನ ತಾಮ್ರ ತುಂಡಾಗಿರಬಹುದು. ಒಂದೊಂದೇ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ವೈರ್ ಬಿಗಿಯಾಗಿ ನಿಲ್ಲುತ್ತದೆ, ತುಂಡಾದದ್ದು ರಬ್ಬರ್ ಥರ ಹಿಗ್ಗುತ್ತದೆ. ಬಾಗಿಲು ಅರ್ಧ ತೆರೆದಾಗ ಮಾತ್ರ ಸ್ವಿಚ್ ಕೆಲಸ ಮಾಡಿದರೂ ಇದೇ ಕಾರಣ ಇರಬಹುದು.

ಮೋಟಾರ್ ವೈರ್ ಅಳೆಯುವಾಗ ಮೀಟರ್ ಮೋಸ ಮಾಡಬಹುದು. ವೈರ್ ಒಳಗಿನ ಹತ್ತಾರು ತಾಮ್ರದ ಎಳೆಗಳಲ್ಲಿ ಒಂದೇ ಉಳಿದಿದ್ದರೂ, ಕನೆಕ್ಟರ್ ಬಿಚ್ಚಿ ಅಳೆದರೆ 12 ವೋಲ್ಟ್ ತೋರಿಸುತ್ತದೆ. ಮೋಟಾರ್ ಕರೆಂಟ್ ಎಳೆದಾಗಲೇ ವೋಲ್ಟೇಜ್ ಬೀಳುವುದು. ಆದ್ದರಿಂದ ಕನೆಕ್ಟರ್ ಹಾಕಿದ್ದಾಗಲೇ, ಹಿಂಬದಿಯಿಂದ ಪ್ರೋಬ್ (ಮೀಟರಿನ ಮೊನೆ) ಇಟ್ಟು ಅಳೆಯಿರಿ. ಕರೆಂಟ್ ಬರುವುದು ಕ್ಷಣ ಹೊತ್ತು ಮಾತ್ರ, ಮೀಟರ್‌ನಲ್ಲಿ ಮಿನ್-ಮ್ಯಾಕ್ಸ್ (ಅತಿ ಕಡಿಮೆ, ಅತಿ ಹೆಚ್ಚು ಅಳತೆ ಹಿಡಿದಿಡುವ ಸೌಲಭ್ಯ) ಇದ್ದರೆ ಬಳಸಿ. ಮಾಡ್ಯೂಲ್‌ಗೆ ಹೋಗುವ ಸಿಗ್ನಲ್ ವೈರ್‌ಗೆ ಮಾತ್ರ ಬಲ್ಬ್ ಟೆಸ್ಟರ್ (ಬಲ್ಬ್ ಉರಿಸಿ ಕರೆಂಟ್ ಇದೆಯಾ ನೋಡುವ ಸಾಧನ) ಹಚ್ಚಬೇಡಿ, ಮಾಡ್ಯೂಲ್ ಸುಟ್ಟೀತು.

ಕೆಲವು ಬಾಗಿಲುಗಳೊಳಗೆ ಏರ್‌ಬ್ಯಾಗ್ ಸೆನ್ಸರ್ ಇರುತ್ತದೆ. ಪ್ಯಾಡ್ ತೆಗೆಯುವ ಮುಂಚೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಿರಿ. ಅಳತೆಗೆ ಬ್ಯಾಟರಿ ಮತ್ತೆ ಹಾಕುವ ಮೊದಲು ಆ ಸೆನ್ಸರಿನ ಕನೆಕ್ಟರ್ ಸರಿಯಾಗಿ ಕೂತಿದೆಯಾ ನೋಡಿ.

ತುಂಡಾದ ವೈರನ್ನು ಮಡಿಯುವ ಜಾಗದಲ್ಲೇ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಬಾಗುವ ಹೊಸ ವೈರ್ ಸೇರಿಸಿ, ಜೋಡಣೆ ಎರಡೂ ಕೊಳವೆಯ ಹೊರಗೆ ಬರುವಂತೆ ಮಾಡಿ. ಪ್ಯಾಡ್ ಕೂರಿಸುವ ಮೊದಲೇ ಬಾಗಿಲನ್ನು ಹತ್ತು ಸಲ ತೆರೆದು ಹಾಕಿ, ಪ್ರತಿ ಸಲವೂ ಸ್ವಿಚ್ ಒತ್ತಿ ನೋಡಿ.