ಸ್ಟೇನ್‌ಲೆಸ್ ಸ್ಟೀಲ್‌ನ ಮೇಲ್ಮೈಗೆ ಲೇಸರ್ ಬಂದದ್ದೇಕೆ?

ಸ್ಟೇನ್‌ಲೆಸ್ ಸ್ಟೀಲ್‌ಗೂ ತುಕ್ಕು ತಗಲುತ್ತದೆ. ಸಾಮಾನ್ಯ ಉಕ್ಕಿನಂತೆ ಮೈತುಂಬ ಅಲ್ಲ, ಉಪ್ಪುನೀರು ತಾಗಿದಲ್ಲಿ ಸಣ್ಣ ಗುಳಿಗಳಾಗಿ. ಅದನ್ನು ಕಾಯುವುದು ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪದರ. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಭೇದಿಸುವುದು ಹೆಚ್ಚಾಗಿ ಲೋಹದೊಳಗೆ ಸಿಕ್ಕಿಕೊಂಡ ಮ್ಯಾಂಗನೀಸ್ ಸಲ್ಫೈಡ್ ಕಣಗಳ ಬಳಿ.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಸುಮಾರು 13% ಕ್ರೋಮಿಯಂ ಇರುವ ಉಕ್ಕನ್ನು ತಯಾರಿಸಿದಂದಿನಿಂದ ದಶಕಗಳ ಕಾಲ ಪರಿಹಾರವೆಂದರೆ ಇಡೀ ಲೋಹಕ್ಕೇ ಇನ್ನಷ್ಟು ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂ ಬೆರೆಸುವುದಾಗಿತ್ತು. ಗುಳಿ ತಡೆಯುವ ಶಕ್ತಿಯ ಲೆಕ್ಕದಲ್ಲಿ 1% ಮಾಲಿಬ್ಡಿನಂ 3.3% ಕ್ರೋಮಿಯಂಗೆ ಸಮ. ಆದರೆ ದಾಳಿ ನಡೆಯುವುದು ಮೇಲ್ಮೈಯಲ್ಲಿ; ದುಬಾರಿ ಲೋಹ ಒಡಲಿಡೀ ಏಕಿರಬೇಕು?

1964ರಲ್ಲಿ ಕುಮಾರ್ ಪಟೇಲ್ ರೂಪಿಸಿದ ಕಾರ್ಬನ್ ಡೈಆಕ್ಸೈಡ್ ಲೇಸರ್, 1970ರ ದಶಕದಲ್ಲಿ ಕಿಲೋವ್ಯಾಟ್ ಮಟ್ಟಕ್ಕೆ ಬೆಳೆದಾಗ ಈ ಪ್ರಶ್ನೆಗೆ ದಾರಿ ಕಂಡಿತು. ಮೇಲ್ಮೈಗೆ ಮಾಲಿಬ್ಡಿನಂನಂಥ ಲೋಹದ ಪುಡಿಯನ್ನು ಹಚ್ಚಿ ಅಥವಾ ಊದಿ, ಲೇಸರ್ ಹಾಯಿಸಿದರೆ ಮಿಲಿಮೀಟರಿಗೂ ಕಡಿಮೆ ಆಳದ ಕರಗುಕೊಳವೊಂದು ಉಂಟಾಗುತ್ತದೆ. ಅದರೊಳಗಿನ ಸುಳಿಗಳು ಪುಡಿಯನ್ನು ಕಲಸುತ್ತವೆ; ಲೇಸರ್ ಮುಂದೆ ಸರಿದೊಡನೆ ಕೆಳಗಿನ ತಣ್ಣನೆಯ ಲೋಹ ಶಾಖವನ್ನು ಹೀರುವುದರಿಂದ ಕೊಳವು ಸೆಕೆಂಡಿಗೆ ಹಲವು ಸಾವಿರ ಡಿಗ್ರಿ ವೇಗದಲ್ಲಿ ತಣಿದು, ಸಲ್ಫೈಡ್ ಕಣಗಳು ಮತ್ತೆ ದೊಡ್ಡದಾಗಿ ಬೆಳೆಯಲು ಸಮಯ ಸಿಗುವುದಿಲ್ಲ. ಲೇಪನದಂತೆ ಈ ಪದರ ಸುಲಿದು ಬರುವುದೂ ಇಲ್ಲ, ಏಕೆಂದರೆ ಅದು ಅದೇ ಲೋಹದ ಭಾಗ. ಈ ವಿಧಾನಕ್ಕೆ ಲೇಸರ್ ಮೇಲ್ಮೈ ಮಿಶ್ರಲೋಹೀಕರಣ (laser surface alloying) ಎಂದು ಹೆಸರು.

ಗೊಂದಲ ಶುರುವಾದದ್ದು ಇಲ್ಲಿಂದ ಮುಂದೆ. ಇದೇ ವಿಧಾನವನ್ನು ಸವೆತ ತಡೆಯಲೂ ಬಳಸತೊಡಗಿದರು. ಅದಕ್ಕಾಗಿ ಕಾರ್ಬೈಡ್ (ಇಂಗಾಲ ಸೇರಿದ ಗಡಸು ಸಂಯುಕ್ತ) ಪುಡಿ ಸೇರಿಸಿದಾಗ ಗಡಸುತನ ಏರಿತು, ಆದರೆ ಕರಗಿದ ಇಂಗಾಲವು ಕ್ರೋಮಿಯಂ ಅನ್ನು ಕಟ್ಟಿಹಾಕಿದಲ್ಲೆಲ್ಲ ತುಕ್ಕಿನ ತಡೆ ಇಳಿಯಿತು. ಎರಡು ಗುರಿಗಳ ಫಲಿತಾಂಶಗಳು ಒಂದೇ ಹೆಸರಿನಡಿ ಬಂದುದರಿಂದ, ತಂತ್ರವು ಫಲಿಸುತ್ತದೆಯೇ ಎಂಬ ಪ್ರಶ್ನೆಗೆ ಹೌದೆಂಬ ಉತ್ತರವೂ ಇಲ್ಲವೆಂಬ ಉತ್ತರವೂ ಸಿಗುವಂತಾಯಿತು.

ಇನ್ನೊಂದು ತೊಡಕು ಸಾಲುಗಳದ್ದು. ಲೇಸರ್ ಒಂದು ಸಲಕ್ಕೆ ಕಿರಿದಾದ ಪಟ್ಟಿಯನ್ನಷ್ಟೇ ಕರಗಿಸುವುದರಿಂದ ಪಟ್ಟಿಯ ಮೇಲೆ ಪಟ್ಟಿ ಅತಿಕ್ರಮಿಸಲೇಬೇಕು. ಆ ಸಂಧಿಯಲ್ಲಿ ಹಳೆಯ ಪಟ್ಟಿಯ ಅಂಚು ಮತ್ತೆ ಕಾದು, ಮಿಶ್ರಣದ ಪ್ರಮಾಣ ಏರುಪೇರಾಗುತ್ತದೆ, ಕೆಲವೊಮ್ಮೆ ಬಿರುಕೂ ಮೂಡುತ್ತದೆ. ನಂತರ ಬಂದ ಫೈಬರ್ ಲೇಸರಿನ ಬೆಳಕನ್ನು ಉಕ್ಕು ಕಾರ್ಬನ್ ಡೈಆಕ್ಸೈಡ್ ಲೇಸರಿನದಕ್ಕಿಂತ ಚೆನ್ನಾಗಿ ಹೀರುತ್ತದಾದರೂ ಸಂಧಿಗಳು ಉಳಿದೇ ಉಳಿದವು. ತುಕ್ಕಿನ ತಡೆಯನ್ನು ಅಳೆಯಲು ಪ್ರಯೋಗಾಲಯದಲ್ಲಿ ಮಾದರಿಯನ್ನು ಉಜ್ಜಿ ನುಣುಪಾಗಿಸಿ, ಅಂಚುಗಳನ್ನು ರಾಳದಿಂದ ಮುಚ್ಚಿ, ಚಿಕ್ಕದೊಂದು ಭಾಗವನ್ನು 3.5% ಉಪ್ಪಿನ ದ್ರಾವಣಕ್ಕೆ ಒಡ್ಡುವುದು ವಾಡಿಕೆ. ಪಂಪಿನ ರೆಕ್ಕೆಗೋ ಕವಾಟಕ್ಕೋ ಅಂಥ ರಾಳದ ರಕ್ಷಣೆಯಿಲ್ಲ; ಸಂಸ್ಕರಿಸಿದ ಭಾಗ ಮುಗಿದು ಹಳೆಯ ಲೋಹ ಶುರುವಾಗುವ ಗೆರೆಯೂ ಅಲ್ಲಿ ನೀರಿನಲ್ಲೇ ಇರುತ್ತದೆ.