ರಾಜ ಮರಳಿ ಬಂದ ಮೇಲೆ ಕ್ರಾಂತಿಯಿಂದ ಉಳಿದದ್ದೇನು?

ಪ್ರಶ್ನೆ: ಫ್ರಾನ್ಸಿನಲ್ಲಿ 1789ರಲ್ಲಿ ಕ್ರಾಂತಿಯಾಯಿತು. 1804ರಲ್ಲಿ ನೆಪೋಲಿಯನ್ ಚಕ್ರವರ್ತಿಯಾದ. 1814ರಲ್ಲಿ ಹಳೇ ರಾಜವಂಶವೇ ವಾಪಸ್ ಬಂತು. ಅಷ್ಟೆಲ್ಲ ರಕ್ತ ಹರಿದು ಉಳಿದದ್ದಾದರೂ ಏನು?

ಉತ್ತರ: ಸಿಂಹಾಸನವನ್ನೇ ನೋಡುತ್ತಿದ್ದರೆ ಏನೂ ಉಳಿಯಲಿಲ್ಲ ಅನ್ನಿಸುತ್ತದೆ. ಒಮ್ಮೆ ಅಳತೆಗೋಲಿನ ಕಡೆ ನೋಡಿ.

ಕ್ರಾಂತಿಗೆ ಮೊದಲು ಅಲ್ಲಿ ಊರಿಗೊಂದು ತೂಕ, ಊರಿಗೊಂದು ಅಳತೆ. ಧಾನ್ಯ ಅಳೆಯುವ ಪಾತ್ರೆ ಎಷ್ಟು ದೊಡ್ಡದಿರಬೇಕು ಎನ್ನುವುದರಲ್ಲಿ ಎಷ್ಟೋ ಕಡೆ ಜಮೀನ್ದಾರನದೇ ಮಾತು. ರೈತ ಧಾನ್ಯದಲ್ಲೇ ಗೇಣಿ ಕೊಡುವಾಗ ಪಾತ್ರೆ ಚೂರು ದೊಡ್ಡದಾದರೂ ಸಾಕು, ಗೇಣಿ ಜಾಸ್ತಿಯಾದ ಹಾಗೇ ಅಲ್ವಾ? 1789ರಲ್ಲಿ ಊರೂರಿನವರು ಬರೆದು ಕಳಿಸಿದ ದೂರುಗಳಲ್ಲಿ 'ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಬೇಕು' ಎಂಬ ಬೇಡಿಕೆ ಮತ್ತೆ ಮತ್ತೆ ಬರುತ್ತದೆ. ನನಗೆ ಕ್ರಾಂತಿಯ ನಿಜವಾದ ದನಿ ಕೇಳುವುದು ಅಲ್ಲೇ.

ಹಳೇ ಅಳತೆಯೊಂದರ ಹೆಸರೇ 'ರಾಜನ ಪಾದ'. ಹೊಸದು ಯಾರ ಪಾದವೂ ಆಗಿರಬಾರದು, ಭೂಮಿಯದೇ ಆಗಿರಬೇಕು ಎಂದು ನಿರ್ಧಾರವಾಯಿತು. ಉತ್ತರ ಧ್ರುವದಿಂದ ಭೂಮಧ್ಯರೇಖೆವರೆಗಿನ ದೂರದಲ್ಲಿ ಕೋಟಿಗೊಂದು ಪಾಲು, ಅದೇ ಮೀಟರ್. ಅದಕ್ಕಾಗಿ 1792ರಲ್ಲಿ ಡೆಲಾಂಬ್ರ್ ಮತ್ತು ಮೆಶೆನ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು ಫ್ರಾನ್ಸಿನ ಉತ್ತರ ತುದಿಯ ಡಂಕರ್ಕ್‌ನಿಂದ ಸ್ಪೇನಿನ ಬಾರ್ಸಿಲೋನಾವರೆಗಿನ ನೆಲ ಅಳೆದು, ಅದರಿಂದ ಪೂರ್ತಿ ದೂರ ಲೆಕ್ಕ ಹಾಕಲು ಹೊರಟರು. ಯುದ್ಧದ ಕಾಲ. ಗೋಪುರ ಹತ್ತಿ ದೂರ ನೋಡುತ್ತಿದ್ದ ಡೆಲಾಂಬ್ರ್‌ನನ್ನು ಅನುಮಾನಪಟ್ಟು ಜನ ಹಿಡಿದು ನಿಲ್ಲಿಸಿದ್ದೂ ಉಂಟು. ಕೆಲಸ ಮುಗಿಯಲು ಆರು ವರ್ಷದ ಮೇಲೇ ಹಿಡಿಯಿತು.

ಕ್ರಾಂತಿ ತಂದದ್ದೆಲ್ಲ ಉಳಿಯಲಿಲ್ಲ ಎನ್ನುವುದೂ ನಿಜ. ದಿನಕ್ಕೆ ಹತ್ತೇ ಗಂಟೆ ಎಂಬ ಹೊಸ ಗಡಿಯಾರವನ್ನು 1795ರಲ್ಲೇ ಕೈಬಿಟ್ಟರು. 1793ರಲ್ಲಿ ಬಂದ ಹೊಸ ಕ್ಯಾಲೆಂಡರಿನಲ್ಲಿ ವಾರಕ್ಕೆ ಹತ್ತು ದಿನ. ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ರಜೆ ಹತ್ತು ದಿನಕ್ಕೊಮ್ಮೆ ಆಯಿತು. ದುಡಿಯುವವರು ಸುಮ್ನೆ ಒಪ್ಪುತ್ತಾರೆಯೇ? ಭಾನುವಾರದ ಪ್ರಾರ್ಥನೆಯನ್ನೂ ಬಿಡಬೇಕಿತ್ತು. 1806ರ ಜನವರಿ 1ಕ್ಕೆ ಈ ಕ್ಯಾಲೆಂಡರೂ ಮುಗಿಯಿತು.

ಆ ಕ್ಯಾಲೆಂಡರನ್ನು ಯಾವ ರೈತನೂ ಕೇಳಿರಲಿಲ್ಲ. ಒಂದೇ ಅಳತೆಯನ್ನು ಕೇಳಿದ್ದ. ಹಾಗಂತ ಮೀಟರಿನ ದಾರಿ ಸಲೀಸಾಗಿರಲಿಲ್ಲ. ಹೊಸ ಹೆಸರುಗಳು ಜನರ ಬಾಯಿಗೆ ಹತ್ತಲಿಲ್ಲ. 1812ರಲ್ಲಿ ನೆಪೋಲಿಯನ್ ಸರ್ಕಾರವೇ ಹಳೇ ಹೆಸರಿನ ಅಳತೆಗಳಿಗೆ ಮತ್ತೆ ಅವಕಾಶ ಕೊಟ್ಟಿತು. ಕೊನೆಗೆ 1840ರ ಜನವರಿ 1ರಿಂದ ಇಡೀ ಫ್ರಾನ್ಸಿಗೆ ಮೀಟರ್ ಕಡ್ಡಾಯವಾಯಿತು. ಆಗ ಅಲ್ಲಿ ಆಳುತ್ತಿದ್ದವನು ಲೂಯಿ ಫಿಲಿಪ್ ಎಂಬ ರಾಜ.