ತೂತು ಕೂಡಿತು ಸರಿ, ಚಕ್ರ ಕೂತಿತೇ?

ಶಿವಾಜಿನಗರದ ಗುಜರಿ ಅಂಗಡಿ ಮುಂದೆ ಸಾಲಾಗಿ ಒರಗಿಸಿಟ್ಟ ನಾಲ್ಕು ಅಲಾಯ್ ಚಕ್ರ. ಫೋಟೊ ಕೆಳಗೆ ಒಂದು ಸಾಲು: ‘ಸಾರ್, ಇದು 4×100, ನಮ್ಮ ಗಾಡೀದೂ 4×100. ದುಡ್ಡು ಕೊಟ್ಬಿಡ್ಲಾ?’ ವಾಟ್ಸಾಪಿನಲ್ಲಿ ಈ ಪ್ರಶ್ನೆ ಬಾರದ ವಾರವೇ ಇಲ್ಲ. ಕೇಳುವವರು ಬಹುತೇಕ ಒಳ್ಳೆಯ ಜನ. ಅಪ್ಪ ಕೊಂಡ ಸ್ಯಾಂಟ್ರೊವನ್ನೋ ಹಳೆಯ ಹೋಂಡಾ ಸಿಟಿಯನ್ನೋ ಮಾರಲು ಮನಸ್ಸು ಬಾರದೆ ಇಟ್ಟುಕೊಂಡವರು, ಅದಕ್ಕೊಂದು ಹೊಸ ಕಳೆ ಬರಲಿ ಎಂದು ಆಸೆಪಡುವವರು. ಆಸೆಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ‘ಪಿ.ಸಿ.ಡಿ. ಮ್ಯಾಚ್ ಆಯ್ತು, ಕೆಲಸ ಮುಗೀತು’ ಎನ್ನುವ ನಂಬಿಕೆಯ ಮೇಲೆ.

ಪಿ.ಸಿ.ಡಿ. ಎಂದರೆ ನಟ್ ತೂತುಗಳ ಮಧ್ಯಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ, ಅಷ್ಟೆ. 4×100 ಎಂದರೆ ನಾಲ್ಕು ತೂತು, 100 ಮಿಲಿ ವ್ಯಾಸ. ನಾಲ್ಕು ತೂತಿನದಾದರೆ ಎದುರುಬದುರು ತೂತುಗಳ ನಡುವೆ ಅಳೆದರೆ ಸಿಕ್ಕಿಬಿಡುತ್ತದೆ. ಒಂದರ ಹೊರ ಅಂಚಿನಿಂದ ಎದುರಿನದರ ಒಳ ಅಂಚಿಗೆ ಅಳೆಯಿರಿ, ಮಧ್ಯ ಹುಡುಕುವ ಕಷ್ಟ ಇರುವುದಿಲ್ಲ. ಐದು ತೂತಿನದಾದರೆ ಪಕ್ಕಪಕ್ಕದ ಎರಡು ತೂತುಗಳ ಅಂತರವನ್ನು 0.588ರಿಂದ ಭಾಗಿಸಿ. 67.2 ಮಿಲಿ ಬಂದರೆ 114.3, 58.8 ಬಂದರೆ 100. ಸ್ಯಾಂಟ್ರೊ, ಸ್ವಿಫ್ಟ್, ಸಿಟಿ, ಎಟಿಯೋಸ್ ಎಲ್ಲವೂ 4×100. ಮಾರುತಿ 800 ಮತ್ತು ಹಳೆಯ ಝೆನ್ 4×114.3. ಫಿಯಟ್ ಯೂನೊ, ಪಾಲಿಯೊ 4×98. ಫೋರ್ಡ್ ಐಕಾನ್ 4×108. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಹೇಳಿದರೂ ಕಿವಿಗೆ ಹಾಕಿಕೊಳ್ಳದ್ದು ಬೇರೊಂದಿದೆ.

ಗಾಡಿಯ ಕಡೆ ಚಕ್ರ ಕೂರುವ ಉಕ್ಕಿನ ತಟ್ಟೆಯೇ ಹಬ್, ಅದರಿಂದ ಹೊರಚಾಚಿ ನಟ್ ಹಿಡಿಯುವ ಥ್ರೆಡ್ಡಿನ ಕಡ್ಡಿಗಳೇ ಸ್ಟಡ್. ಚಕ್ರ ಈ ಸ್ಟಡ್‌ಗಳ ಮೇಲೆ ನೇತಾಡುತ್ತಿರುವುದಿಲ್ಲ. ಅದು ನಿಂತಿರುವುದು ಒತ್ತಡದ ಮೇಲೆ. ಬಡಗಿ ಎರಡು ಹಲಗೆ ಅಂಟಿಸುವಾಗ ಕ್ಲ್ಯಾಂಪ್ ಬಿಗಿಯುತ್ತಾನಲ್ಲ, ಹಾಗೆ. ನಟ್ ತಿರುಗಿಸಿದಾಗ ಸ್ಟಡ್ ಕೂದಲೆಳೆಯಷ್ಟು ಎಳೆದುಕೊಂಡು, ರಬ್ಬರಿನ ಹಾಗೆ ಚಕ್ರದ ಬೆನ್ನನ್ನು ಹಬ್‌ನ ಮುಖಕ್ಕೆ ಅದುಮುತ್ತದೆ. 12 ಮಿಲಿ ಸ್ಟಡ್ಡಿನ ಒಣ, ಶುಚಿ ಥ್ರೆಡ್ಡಿಗೆ 100 ನ್ಯೂಟನ್-ಮೀಟರ್ ಟಾರ್ಕ್ (ತಿರುಚುವ ಬಲ) ಕೊಟ್ಟರೆ ಒಂದೊಂದು ನಟ್ಟೂ ಅಂದಾಜು 4 ಟನ್ ಭಾರದಲ್ಲಿ ಅದುಮುತ್ತದೆ, ನಾಲ್ಕೂ ಸೇರಿ 16 ಟನ್. ಆ ಅದುಮಿನಿಂದ ಹುಟ್ಟುವ ಘರ್ಷಣೆಯೇ ಗಾಡಿಯ ಭಾರ, ಬ್ರೇಕಿನ ಎಳೆತ, ಗುಂಡಿಯ ಏಟು ಎಲ್ಲವನ್ನೂ ತಡೆಯುವುದು. ಎರಡು ಮುಖಗಳು ಪೂರ್ತಿ ಕೂತಿದ್ದರೆ ಸ್ಟಡ್ಡಿಗೆ ಎಳೆತವೊಂದೇ ಕೆಲಸ, ಬಾಗುವ ಕೆಲಸ ಇಲ್ಲ. ಕೂರದಿದ್ದರೆ ಚಕ್ರದ ಒಂದೊಂದು ಸುತ್ತಿಗೂ ಸ್ಟಡ್ ಅತ್ತಿತ್ತ ಬಾಗುತ್ತದೆ. ಬೆಂಗಳೂರಿನಿಂದ ಮೈಸೂರು ತಲುಪುವಷ್ಟರಲ್ಲಿ ಸಣ್ಣ ಕಾರಿನ ಚಕ್ರ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿರುತ್ತದೆ. ತಂತಿಯನ್ನು ಅಷ್ಟು ಸಲ ಬಗ್ಗಿಸಿದರೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಎರಡೇ ಮಿಲಿ ತಾನೆ ಸಾರ್’ ಎನ್ನುವ ಮಾತನ್ನು ನೋಡಿ. ಪಾಲಿಯೊಗೆ 4×100 ಚಕ್ರ ಹಾಕಲು ಬರುವವರ ಮಾತು ಇದು. 98ಕ್ಕೂ 100ಕ್ಕೂ ಇರುವುದು ಎರಡು ಮಿಲಿ, ಅಂದರೆ ಪ್ರತಿ ತೂತೂ ಒಂದು ಮಿಲಿ ಹೊರಕ್ಕೆ ಸರಿದಿದೆ. ಪಾಲಿಯೊದಲ್ಲಿ ಸ್ಟಡ್, ನಟ್ ಬದಲು ಬೋಲ್ಟು. ಅದು ತೂತಿನೊಳಗೆ ಹೋಗುತ್ತದೆ, ಏರ್ ಗನ್ ಹಿಡಿದರೆ ಬಿಗಿಯಾಗಿಯೂ ಕೂರುತ್ತದೆ. ಆದರೆ ಬೋಲ್ಟ್ ತಲೆಯ ಕೋನ್, ಚಕ್ರದಲ್ಲಿ ತಾನು ಕೂರುವ ಗುಳಿಯ (ಸೀಟಿನ) ಒಂದು ಮಗ್ಗುಲನ್ನಷ್ಟೇ ಕಚ್ಚಿರುತ್ತದೆ. ಟಾರ್ಕ್ ವ್ರೆಂಚು ‘ಟಕ್’ ಎಂದದ್ದು ಆ ಮಗ್ಗುಲಿನ ತಿಕ್ಕಾಟಕ್ಕೆ, ಅದುಮಿಗಲ್ಲ. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಅಲಾಯ್ ಅಲ್ಲಿ ನುಣ್ಣಗೆ ಸವೆದು ಬೋಲ್ಟ್ ಸಡಿಲವಾಗುತ್ತದೆ. ಇದಕ್ಕೆಂದೇ ಕೋನ್ ತಿರುಗಾಡುವ ಬೋಲ್ಟುಗಳಿವೆ, ‘ವಾಬಲ್ ಬೋಲ್ಟ್’ ಎಂದು ಕೇಳಿ. ಒಳ್ಳೆಯ ಉಕ್ಕಿನದಾದರೆ, ಮಧ್ಯದ ಬೋರ್ (ಚಕ್ರದ ನಡುವಿನ ತೂತು) 58.1ಕ್ಕೆ ಸರಿಹೊಂದಿದರೆ, ಆಗಬಹುದು. ಅವು ಸಿಗದಿದ್ದರೆ ಆ ಚಕ್ರ ಬೇಡ. ಇನ್ನು ಕಾನಸು ಹಿಡಿದು ತೂತನ್ನು ಅಂಡಾಕಾರ ಮಾಡಿಕೊಡುವವರಿದ್ದಾರೆ. ಅಂಥ ಚಕ್ರವನ್ನು ಬಿಟ್ಟಿ ಕೊಟ್ಟರೂ ಮುಟ್ಟಬೇಡಿ.

ಮಧ್ಯದ ಬೋರ್ ಎಂದೆನಲ್ಲ, ಜನ ಎಡವುವ ಎರಡನೇ ಜಾಗ ಅದೇ. ಹಬ್‌ನ ನಡುವೆ ಒಂದು ಉಬ್ಬು ಇರುತ್ತದೆ, ಚಕ್ರದ ನಡುವಿನ ತೂತು ಅದರ ಮೇಲೆ ಕೂತರೆ ಚಕ್ರ ತಾನಾಗಿ ನಡುವಿಗೆ ಬರುತ್ತದೆ. 4×100 ಇರುವ ಸುಜುಕಿ, ಹ್ಯುಂಡೈ ಸಣ್ಣ ಗಾಡಿಗಳದ್ದು 54.1 ಮಿಲಿ. ಹೋಂಡಾ ಸಿಟಿಯದು 56.1. ಹಾಗಾಗಿ ಸ್ವಿಫ್ಟ್ ಚಕ್ರವನ್ನು ಹಳೆಯ ಸಿಟಿಗೆ ಹಿಡಿದರೆ ನಾಲ್ಕೂ ಸ್ಟಡ್ ಚೆನ್ನಾಗಿ ತೂತಿನೊಳಗೆ ಬರುತ್ತವೆ, ಚಕ್ರ ಮಾತ್ರ ಉಬ್ಬಿನ ಅಂಚಿಗೆ ಸಿಕ್ಕಿ ನಿಲ್ಲುತ್ತದೆ. ಅವಸರದವರು ಇಲ್ಲಿ ನಟ್ ಹಾಕಿ ಎಳೆಯುತ್ತಾರೆ. ನಟ್ ಬಿಗಿಯಾಗುತ್ತದೆ, ಆದರೆ ಒಳಗೆ ಚಕ್ರದ ಬೆನ್ನಿಗೂ ಹಬ್‌ಗೂ ನಡುವೆ ಗಾಳಿ! 16 ಟನ್ ಅದುಮು ಪೂರ್ತಿ ಆ ಉಬ್ಬಿನ ಅಂಚಿನ ಮೇಲೆ ಬೀಳುತ್ತದೆ. ಬಿರುಕು ಶುರುವಾಗುವುದು ಅಲ್ಲಿಂದಲೇ.

ಪರೀಕ್ಷೆ ಸುಲಭ. ಜಾಕ್ ಏರಿಸಿ, ಹಬ್ ಮುಖವನ್ನು ವೈರ್ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ, ನಟ್ ಹಾಕದೆ ಎರಡು ಕೈಯಲ್ಲಿ ಚಕ್ರ ಒತ್ತಿ. ಪೂರ್ತಿ ಕೂರಬೇಕು. ಸುತ್ತಲೂ ಎಲ್ಲೂ 0.1 ಮಿಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಒಳಗೆ ಹೋಗಬಾರದು. ಹೋದರೆ ಅಲ್ಲಿಗೇ ನಿಲ್ಲಿಸಿ. ಸ್ವಿಫ್ಟ್ ಚಕ್ರದ ಬೋರನ್ನು ಲೇತ್‌ನಲ್ಲಿ ಸಿಟಿಯ 56.1ಕ್ಕೆ ಅಗಲ ಮಾಡಿಸಬಹುದು, ಲೇತಿನವನು ಡಯಲ್ ಗೇಜ್ ಇಟ್ಟು ಚಕ್ರವನ್ನು ನಡುವಿಗೆ ತಂದೇ ಕೆತ್ತುತ್ತೇನೆ ಎಂದರೆ ಮಾತ್ರ. ಕಣ್ಣಂದಾಜಿನಲ್ಲಿ ಕೆತ್ತಿದರೆ ಏರ್‌ಪೋರ್ಟ್ ರಸ್ತೆಯಲ್ಲಿ 80 ದಾಟುತ್ತಲೇ ಸ್ಟೇರಿಂಗ್ ನಡುಗುತ್ತದೆ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದ ನಡುಕ ಅದು, ಯಾಕೆಂದರೆ ಬ್ಯಾಲೆನ್ಸಿಂಗ್ ತೂಕವನ್ನಷ್ಟೇ ಸರಿದೂಗಿಸುತ್ತದೆ, ನಡು ತಪ್ಪಿದ ಚಕ್ರದ ಓಲಾಟವನ್ನಲ್ಲ. ತದ್ವಿರುದ್ಧವಾಗಿ ಸಿಟಿ ಚಕ್ರವನ್ನು ಸ್ಯಾಂಟ್ರೊಗೆ ಹಾಕಿದರೆ ಎರಡು ಮಿಲಿ ಆಟ ಉಳಿಯುತ್ತದೆ, ಅದಕ್ಕೆ ಆ ಸಂದು ತುಂಬುವ ಬೋರ್ ರಿಂಗ್ ಬೇಕು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಹೊಸ ಅಲಾಯ್‌ಗಳಲ್ಲಿ ಹಲವಕ್ಕೆ 73.1 ಮಿಲಿ ಬೋರ್ ಇಟ್ಟು ಜೊತೆಗೆ ರಿಂಗ್ ಕೊಡುತ್ತಾರೆ. ಟೈರ್ ಬದಲಿಸುವಾಗ ಆ ರಿಂಗ್ ಅಂಗಡಿಯ ನೆಲದ ಮೇಲೇ ಉಳಿದುಹೋಗುವುದು ಮಾಮೂಲು. ಗಾಡಿ ಹೊರಡುವ ಮುಂಚೆ ಎಣಿಸಿ.

ಈಗ ನಟ್. ಚಕ್ರ ಮಾರುವವನು ‘ನಟ್ಟೂ ಜೊತೇಲಿ ಫ್ರೀ’ ಎಂದಾಗ ಖುಷಿಪಡಬೇಡಿ. ಸ್ವಿಫ್ಟಿನ ನಟ್ ಎಂ12×1.25 (12 ಮಿಲಿ ದಪ್ಪ, ಥ್ರೆಡ್‌ಗಳ ಅಂತರ ಅಂದರೆ ಪಿಚ್ 1.25 ಮಿಲಿ), ಸ್ಯಾಂಟ್ರೊದ ಸ್ಟಡ್ ಎಂ12×1.5. ನೋಡಲು ಒಂದೇ. ಕೈಯಲ್ಲಿ ತಿರುಗಿಸಿದರೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಆಗ ಹುಡುಗ ‘ತುಕ್ಕು ಹಿಡಿದಿದೆ ಅಣ್ಣ’ ಎಂದು ಏರ್ ಗನ್ ಕೊಡುತ್ತಾನೆ, ಸ್ಟಡ್ಡಿನ ಥ್ರೆಡ್ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ನಟ್ ಯಾವಾಗಲೂ ನಿಮ್ಮ ಗಾಡಿಯ ಸ್ಟಡ್ಡಿನದು, ನಟ್ಟಿನ ತಲೆಯ (ಸೀಟಿಗೆ ತಾಗುವ ತುದಿಯ) ಆಕಾರ ಮಾತ್ರ ಬಂದ ಚಕ್ರದ್ದು. ಎರಡನ್ನೂ ಹೊಂದಿಸಿಯೇ ಕೊಳ್ಳಬೇಕು. ಸುಜುಕಿ, ಹ್ಯುಂಡೈ ಚಕ್ರಗಳಿಗೆ 60 ಡಿಗ್ರಿಯ ಕೋನ್. ಹೋಂಡಾದ ಕಂಪನಿ ಚಕ್ರಗಳಿಗೆ ಗೋಲಿಯಂತೆ ದುಂಡು. ಟೊಯೋಟಾದ ಅನೇಕ ಅಲಾಯ್‌ಗಳಿಗೆ ಕೆಳಗೆ ನೇರ ಕೊಳವೆ, ಮೇಲೆ ಚಪ್ಪಟೆ ವಾಷರ್. ದುಂಡು ಸೀಟಿಗೆ ಕೋನ್ ನಟ್ ಹಾಕಿದರೆ ತಾಗುವುದು ಸಣ್ಣದೊಂದು ಗೆರೆಯಷ್ಟು ಜಾಗ.

ಅನುಮಾನವಿದ್ದರೆ ನಟ್ಟಿನ ತಲೆಗೆ ವೈಟ್‌ಬೋರ್ಡ್ ಮಾರ್ಕರ್ ಬಳಿದು, ಹಗುರವಾಗಿ ಬಿಗಿದು, ಬಿಚ್ಚಿ, ಸೀಟನ್ನು ನೋಡಿ. ಮಸಿ ಅಗಲವಾದ ಬಳೆಯ ಹಾಗೆ ಸುತ್ತಲೂ ಹತ್ತಿದ್ದರೆ ಸರಿ. ತೆಳ್ಳನೆಯ ಗೆರೆಯಾಗಿದ್ದರೆ ಆಕಾರ ತಪ್ಪು. ಅರ್ಧಚಂದ್ರದ ಹಾಗೆ ಒಂದೇ ಕಡೆ ಇದ್ದರೆ ಪಿ.ಸಿ.ಡಿ. ತಪ್ಪು.

ಕಬ್ಬಿಣದ ಚಕ್ರದಿಂದ ಅಲಾಯ್‌ಗೆ ಹೋಗುವಾಗ ಸ್ಟಡ್ ಉದ್ದವನ್ನೂ ನೋಡಿ. ಕಬ್ಬಿಣದ ತಗಡು ತೆಳು, ಅಲಾಯ್‌ನ ಮೈ ಅದರ ಎರಡು ಮೂರು ಪಟ್ಟು ದಪ್ಪ. ನಟ್ ಕಚ್ಚಿಕೊಂಡ ಮೇಲೆ ಕನಿಷ್ಠ 12 ಮಿಲಿ ಥ್ರೆಡ್ ಹಿಡಿದಿರಬೇಕು. 1.5 ಪಿಚ್ಚಿನಲ್ಲಿ 8 ಸುತ್ತು, 1.25ರಲ್ಲಿ ಹತ್ತು. ಬಿಗಿದ ನಟ್ಟನ್ನು ಬಿಚ್ಚುತ್ತ ಎಣಿಸಿದರೆ ತಿಳಿಯುತ್ತದೆ. ಹಬ್‌ಗೂ ಚಕ್ರಕ್ಕೂ ನಡುವೆ 5 ಮಿಲಿ ಸ್ಪೇಸರ್ ಬಿಲ್ಲೆ ತುರುಕಿದರೆ ಅದರಲ್ಲಿ ಮೂರ್ನಾಲ್ಕು ಸುತ್ತು ಕಳೆದಂತೆ. ಉದ್ದ ಸ್ಟಡ್ ಒತ್ತಿಸದೆ ಸ್ಪೇಸರ್ ಹಾಕುವುದು ಬೇಡ.

ಆಫ್‌ಸೆಟ್, ಅಂದರೆ ಹಬ್‌ಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಹೊರಕ್ಕಿದೆ ಎಂಬ ಅಳತೆ. ಅದರ ಬಗ್ಗೆ ಜನ ಸ್ವಲ್ಪ ಓದಿಕೊಂಡು ಬರುತ್ತಾರೆ, ಲೆಕ್ಕ ಮಾತ್ರ ಮಾಡಿರುವುದಿಲ್ಲ. ನಿಮ್ಮದು 5 ಜೆ (ರಿಮ್ ಅಗಲ 5 ಇಂಚು), ಇಟಿ 45 (ಆಫ್‌ಸೆಟ್ 45 ಮಿಲಿ) ಎಂದುಕೊಳ್ಳಿ. ಸಿಕ್ಕಿರುವುದು 6 ಜೆ, ಇಟಿ 35. ಅಗಲ ಒಂದು ಇಂಚು ಹೆಚ್ಚಾದದ್ದರಲ್ಲಿ ಎರಡು ಕಡೆಗೂ 12.7 ಮಿಲಿ ಹಂಚಿಕೆ. ಆಫ್‌ಸೆಟ್ 10 ಕಮ್ಮಿಯಾದ್ದರಿಂದ ಇಡೀ ಚಕ್ರ 10 ಮಿಲಿ ಹೊರಕ್ಕೆ. ಅಂದರೆ ಒಳಗಡೆ 2.7 ಮಿಲಿ ಮಾತ್ರ ಹತ್ತಿರವಾಯಿತು, ಹೊರಗಡೆ 22.7 ಮಿಲಿ ಚಾಚಿತು. ಖಾಲಿ ಗಾಡಿಯಲ್ಲಿ ಇದು ಚೆಂದ ಕಾಣುತ್ತದೆ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇಟ್ಟು, ಬಡಾವಣೆಯ ಹಂಪ್ ಹತ್ತಿಸಿದಾಗ ಮಡ್‌ಗಾರ್ಡಿನ ಅಂಚು ಟೈರನ್ನು ಕತ್ತರಿಸುತ್ತದೆ. ಬೇರಿಂಗ್ ಮೇಲಿನ ಹೊರೆಯೂ ಏರುತ್ತದೆ, ಪವರ್ ಸ್ಟೇರಿಂಗ್ ಇಲ್ಲದ ಹಳೆಯ ಗಾಡಿಯಲ್ಲಿ ಪಾರ್ಕಿಂಗ್ ಮಾಡುವಾಗ ಭುಜಕ್ಕೆ ಗೊತ್ತಾಗುತ್ತದೆ.

ಟೈರ್ ಸಮೇತ ಬಂದ ಚಕ್ರವನ್ನು ಹಾಗೆಯೇ ಹಾಕಬೇಡಿ. ಸ್ಯಾಂಟ್ರೊ ಜಿಂಗ್‌ನ 155/70 ಆರ್13 ಟೈರಿನ ಎತ್ತರ 547 ಮಿಲಿ. ಸ್ವಿಫ್ಟಿನ 185/70 ಆರ್14 ಎಂದರೆ 615. ಶೇ 12 ದೊಡ್ಡದು. ಒಳಗೆ ತಾಗುವುದಿರಲಿ, ಮೀಟರ್ 80 ತೋರಿಸುವಾಗ ನೀವು ನಿಜವಾಗಿ 90ರಲ್ಲಿರುತ್ತೀರಿ. ಅದೇ 14 ಇಂಚಿಗೆ 165/60 ಹಾಕಿದರೆ 554, ವ್ಯತ್ಯಾಸ ಒಂದು ಚಿಲ್ಲರೆ ಶೇಕಡಾ. 155/65 ಆದರೆ 557. ಎರಡರಲ್ಲಿ ಅಂಗಡಿಯಲ್ಲಿ ಯಾವುದು ಸಿಕ್ಕರೆ ಅದು, ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಸಂಖ್ಯೆ) ಮೂಲ ಟೈರಿಗಿಂತ ಕಮ್ಮಿ ಇರಬಾರದು ಅಷ್ಟೆ.

ಹಳೆಯ ಅಲಾಯ್ ಕೊಳ್ಳುವಾಗ ಮುಂಭಾಗದ ಹೊಳಪು ನೋಡಿ ಮರುಳಾಗಬೇಡಿ, ತಿರುಗಿಸಿ ಬೆನ್ನು ನೋಡಿ. ನಮ್ಮ ಗುಂಡಿಗಳ ಏಟು ತೋರುವುದು ಒಳ ಅಂಚಿನಲ್ಲಿ. ವೆಲ್ಡಿಂಗ್ ಗುರುತಿದ್ದರೆ ಬೇಡ. ಹೊಸದಾಗಿ ಪೌಡರ್ ಕೋಟಿಂಗ್ ಆಗಿದ್ದರೆ ಇನ್ನೊಂದು ಪೀಕಲಾಟ: ಹಬ್‌ಗೆ ಕೂರುವ ಮುಖ, ನಟ್ ಸೀಟು ಎರಡಕ್ಕೂ ಬಣ್ಣ ಹೊಡೆದಿರುತ್ತಾರೆ. ಬಿಸಿಗೆ, ಅದುಮಿಗೆ ಬಣ್ಣ ನಲುಗಿ ತೆಳ್ಳಗಾಗುತ್ತದೆ, ಬಣ್ಣ ಎಷ್ಟು ತೆಳುವಾಯಿತೋ ನಟ್ ಅಷ್ಟು ಸಡಿಲ. ಆ ಎರಡು ಜಾಗದ ಬಣ್ಣವನ್ನು ತೆಗೆಸಿಯೇ ಹಾಕಿ.

ಕಾನೂನಿನ ಮಾತು ಎರಡೇ ಸಾಲಿನಲ್ಲಿ, ಅದು ನನ್ನ ಕ್ಷೇತ್ರವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯಲ್ಲಿ ಮಾಡುವ ಮಾರ್ಪಾಡುಗಳ ಬಗ್ಗೆ ಇದೆ. 15 ವರ್ಷ ತುಂಬಿ ಎಫ್‌ಸಿಗೆ ಹೋಗಬೇಕಾದ ಗಾಡಿಯಾದರೆ, ವಿಮೆಯವರನ್ನೂ ಆರ್‌ಟಿಒ ಕಚೇರಿಯನ್ನೂ ಮೊದಲೇ ಕೇಳಿಕೊಳ್ಳಿ, ಮೂಲ ಚಕ್ರಗಳನ್ನು ಗುಜರಿಗೆ ಹಾಕಬೇಡಿ.

ಬಿಗಿಯುವ ಕ್ರಮಕ್ಕೆ ಬಂದರೆ, ಮೊದಲು ಎಲ್ಲ ನಟ್ ಕೈಯಲ್ಲಿ, ಆಮೇಲೆ ಎದುರುಬದುರಾಗಿ ಅರ್ಧ ಬಿಗಿ, ಗಾಡಿ ಇಳಿಸಿ ಪೂರ್ತಿ ಬಿಗಿ. ಹಳೆಯ ಸ್ವಿಫ್ಟಿಗೆ 85 ನ್ಯೂಟನ್-ಮೀಟರ್, ಸ್ಯಾಂಟ್ರೊಗೆ 90ರಿಂದ 110, ಸಿಟಿಗೆ 108. ಥ್ರೆಡ್ಡಿಗೆ ಎಣ್ಣೆ ಗ್ರೀಸ್ ಬೇಡ, ಅದೇ ಟಾರ್ಕಿಗೆ ಸ್ಟಡ್ ಮಿತಿ ಮೀರಿ ಎಳೆಯುತ್ತದೆ. ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಟೈರ್ ಎಲ್ಲಾದರೂ ತಾಗುತ್ತದೆಯೇ ನೋಡಿ. ಚಕ್ರಕ್ಕೂ ಬ್ರೇಕಿನ ಕ್ಯಾಲಿಪರಿಗೂ ನಡುವೆ 3 ಮಿಲಿಯಾದರೂ ಇದೆಯೇ ನೋಡಿ. ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ಸೀಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರ ತಣ್ಣಗಿರುವಾಗ ಮತ್ತೆ ಟಾರ್ಕ್ ನೋಡಿ. ಒಂದು ನಟ್ ಕಾಲು ಸುತ್ತಿಗಿಂತ ಹೆಚ್ಚು ತಿರುಗಿದರೆ, ಬಿಗಿದು ಸುಮ್ಮನಾಗದೆ ಚಕ್ರ ಬಿಚ್ಚಿ ಸೀಟು ನೋಡಿ.

ಸ್ಟೆಪ್ನಿ ಹಳೆಯ ಕಬ್ಬಿಣದ್ದೇ ಉಳಿದಿರುತ್ತದಲ್ಲ, ಅದಕ್ಕೆ ಹೊಸ ಚಕ್ರದ ನಟ್ ಕೂರದೇ ಇರಬಹುದು. ರಾತ್ರಿ ಹನ್ನೊಂದಕ್ಕೆ ನೆಲಮಂಗಲದ ಹತ್ತಿರ ಪಂಕ್ಚರ್ ಆದಾಗ ಇದು ನೆನಪಾಗಿ ಪ್ರಯೋಜನವಿಲ್ಲ. ಮೂಲ ನಟ್‌ಗಳಲ್ಲಿ ನಾಲ್ಕನ್ನು ಹಾಲಿನ ಪ್ಯಾಕೆಟ್ ಕವರಿನಲ್ಲಿ ಕಟ್ಟಿ ಜಾಕ್ ಪಕ್ಕದಲ್ಲಿಡಿ, ಅದಕ್ಕೆ ಹಿಡಿಯುವ ಪಾನಾ ಸಮೇತ.